ಪೊಲಿ, ನೆರೆ, ಐಶ್ವರ್ಯ : ಕೊಡಗಿನಲ್ಲಿ ಸಂಪತ್ತಿನ ಪರ್ಯಾಯಶಬ್ದಗಳ ವಿಚಾರ

1. ಪೀಠಿಕೆ

ಒಂದೇ ಅರ್ಥವನ್ನು ಹೇಳುವ ಎರಡು ಶಬ್ದಗಳು ಒಂದು ಭಾಷೆಯಲ್ಲಿ ಬಹುಕಾಲ ಒಟ್ಟಿಗೆ ಬಾಳುವುದು ಅಪೂರ್ವ. ಒಂದೋ ಅವುಗಳಲ್ಲೊಂದು ಬಳಕೆ ತಪ್ಪಿಹೋಗುತ್ತದೆ. ಇಲ್ಲವೆ ಎರಡೂ ಅರ್ಥವನ್ನು ಹಂಚಿಕೊಂಡು ಬೇರೆಬೇರೆ ಮನೆ ಮಾಡುತ್ತವೆ. ಕೋಶಗಳಲ್ಲಿ ಪರ್ಯಾಯಗಳೆಂದು ಒಂದೇ ಪಂಕ್ತಿಯಲ್ಲಿ ಕುಳಿತಿರುವ ಶಬ್ದಗಳು ವ್ಯವಹಾರದಲ್ಲಿ ಒಂದರ ಎಲೆಯಲ್ಲಿ ಇನ್ನೊಂದು ಉಣ್ಣುವುದಿಲ್ಲ. ಈ ಸಂಗತಿಯನ್ನು ಮರೆತಾಗ ಅನುವಾದವು ಕೆಡುತ್ತದೆ. ಅನುವಾದವು ಕೆಟ್ಟಾಗ ಚರಿತ್ರೆಯೂ ಕೆಡುತ್ತದೆ. ಇದಕ್ಕೆ ಕೊಡಗಿನ ಹುತ್ತರಿಯ ಕೂಗಿಗಿಂತ ಉತ್ತಮವಾದ ನಿದರ್ಶನ ದೊರೆಯುವುದು ದುರ್ಲಭ.

ನವೆಂಬರ್ ತಿಂಗಳ ಕೊನೆಯಲ್ಲಾಗಲಿ ಡಿಸೆಂಬರ್ ತಿಂಗಳಲ್ಲಾಗಲಿ ರೋಹಿಣೀ ನಕ್ಷತ್ರವು ಕೂಡಿದ ಹುಣ್ಣಿಮೆಯ ಆಸುಪಾಸಿನ ರಾತ್ರಿ ಕೊಡಗಿನ ಜನರು ಗದ್ದೆಗೆ ನಡೆದು ಹೊಸ ಭತ್ತದ ಕದಿರನ್ನು ಕೊಯ್ಯುತ್ತಾರೆ. ಆಗ ಬಂದೂಕದ ಸದ್ದಿನೊಡನೆ ಏಳುವ ಕೂಗು ‘ಪೊಲಿ ಪೊಲಿ ದೇವಾ’ ಎಂಬುದು. ಈ ಹಬ್ಬವನ್ನು ಇಂಗ್ಲಿಷಿನಲ್ಲಿ ವರ್ಣಿಸುವ ಬರಹಗಳಲ್ಲಿ ಈ ಒಂದು ಶಬ್ದಕ್ಕೆ ‘ಇನ್‌ಕ್ರೀಸ್’ ಎಂದೂ ‘ಪ್ರಾಸ್ಪೆರಿಟಿ’ ಎಂದೂ ‘ಅಬಂಡನ್ಸ್’ ಎಂದೂ ‘ವೆಲ್ತ್’ ಎಂದೂ ಬೇರೆಬೇರೆ ಅರ್ಥಗಳು ಕಾಣಬರುತ್ತವೆ. ಕನ್ನಡದಲ್ಲಿ ಬರೆಯುವವರು ಸಮೃದ್ಧಿ, ಸಂಪತ್ತು, ಐಶ್ವರ್ಯ ಎಂಬ ಶಬ್ದಗಳನ್ನು ಯಥೇಚ್ಛವಾಗಿ ಬಳಸುತ್ತಾರೆ. ಇವೆಲ್ಲವೂ ಒಂದೇ ಎಂಬುದು ಸಾಮಾನ್ಯ ಭಾವನೆ. ಇವು ಒಂದೇ ಅಲ್ಲವೆಂಬುದನ್ನೂ, ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳುತ್ತೇವೆಂಬುದರ ಮೇಲೆ ಕೊಡಗಿನ ಸಂಪತ್ತು ಯಾರದಾಗಿತ್ತು, ಏನಾಗಿತ್ತು ಎಂಬ ಪ್ರಶ್ನೆಯ ಉತ್ತರವೇ ಬದಲಾಗುತ್ತದೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

2. ಸಂಸ್ಕೃತ ಶಬ್ದಗಳ ವ್ಯವಸ್ಥೆ

ಕನ್ನಡಕ್ಕೆ ಬಂದಿರುವ ಸಂಪದ್ವಾಚಕ ಶಬ್ದಗಳಲ್ಲಿ ಬಹುಭಾಗವು ಸಂಸ್ಕೃತದವು. ಆದುದರಿಂದ ಮೊದಲು ಅವುಗಳ ವ್ಯವಸ್ಥೆಯನ್ನು ನೋಡುವುದು ಉಚಿತ. ಅಮರಸಿಂಹನು ದ್ರವ್ಯ, ವಿತ್ತ, ಧನ, ವಸು, ಹಿರಣ್ಯ, ದ್ರವಿಣ, ವಿಭವ ಮೊದಲಾದ ಶಬ್ದಗಳನ್ನು ದ್ವಿತೀಯ ಕಾಂಡದ ವೈಶ್ಯವರ್ಗದಲ್ಲಿ ಹೇಳಿದ್ದಾನೆ. ಸಂಪತ್, ಸಂಪತ್ತಿ, ಶ್ರೀ, ಲಕ್ಷ್ಮೀ ಎಂಬವನ್ನು ಅದೇ ಕಾಂಡದ ಕ್ಷತ್ರಿಯವರ್ಗದಲ್ಲಿ ವಿಪತ್ತಿಗೆ ಪ್ರತಿಯಾಗಿ ಇರಿಸಿದ್ದಾನೆ. ಎಣಿಸುವ, ಕೊಡುಕೊಳ್ಳುವ ಹಣವು ಒಂದು ವರ್ಗದಲ್ಲಿ. ಆಪತ್ತಿಗೆ ವಿರುದ್ಧವಾದ ಸುಸ್ಥಿತಿಯು ಮತ್ತೊಂದು ವರ್ಗದಲ್ಲಿ. ಕೋಶಕಾರನು ಬಾಯಿಬಿಟ್ಟು ಹೇಳದಿದ್ದರೂ ಅವನ ವಿಂಗಡಣೆಯೇ ಭೇದವನ್ನು ಹೇಳುತ್ತದೆ.

ವ್ಯುತ್ಪತ್ತಿಯನ್ನು ವಿಚಾರಿಸಿದರೆ ಭೇದವು ಇನ್ನಷ್ಟು ಸ್ಪಷ್ಟವಾಗುತ್ತದೆ. ಐಶ್ವರ್ಯವೆಂದರೆ ಈಶ್ವರನ ಭಾವ, ಎಂದರೆ ಒಡೆತನ. ಒಡೆಯನಿಲ್ಲದೆ ಐಶ್ವರ್ಯವಿಲ್ಲ. ಭಾಗ್ಯವು ಭಾಗಕ್ಕೆ ಸಂಬಂಧಿಸಿದುದು, ಪಾಲಿಗೆ ಬಂದುದು. ವಿತ್ತವು ಲಾಭಾರ್ಥವುಳ್ಳ ‘ವಿದ್’ ಧಾತುವಿನಿಂದ ಬಂದು, ಪಡೆದುದು ಎಂಬರ್ಥವನ್ನು ಕೊಡುತ್ತದೆ. ಸಂಪತ್ತೆಂದರೆ ಬೇಕಾದುವೆಲ್ಲ ಒಂದೆಡೆ ಕೂಡಿಬಂದ ಸ್ಥಿತಿ. ಸಮೃದ್ಧಿಯು ‘ಋಧ್’ ಧಾತುವಿನಿಂದ ಹುಟ್ಟಿ, ಚೆನ್ನಾಗಿ ಬೆಳೆದು ತುಂಬಿಬರುವುದನ್ನು ಹೇಳುತ್ತದೆ. ವೃದ್ಧಿಯೆಂದರೆ ಬೆಳೆಯುವಿಕೆಯೇ, ಅಲ್ಲಿ ಒಡೆಯನ ಮಾತೂ ಇಲ್ಲ, ಎಷ್ಟಿತ್ತೆಂಬ ಲೆಕ್ಕವೂ ಇಲ್ಲ.

ಈ ವೃದ್ಧಿಶಬ್ದವು ವಿಶೇಷವಾಗಿ ಗಮನಾರ್ಹವಾದುದು. ಪಾಣಿನಿಯ ಅಷ್ಟಾಧ್ಯಾಯಿಯು ಪ್ರಾರಂಭವಾಗುವುದೇ ಈ ಶಬ್ದದಿಂದ. ಸಂಜ್ಞೆಯನ್ನು ಕೊನೆಯಲ್ಲಿಡುವ ತನ್ನ ಪದ್ಧತಿಯನ್ನು ಬಿಟ್ಟು ಆಚಾರ್ಯನು ಇದನ್ನು ಮೊದಲಲ್ಲಿಟ್ಟುದು ಮಂಗಳಾರ್ಥವಾಗಿ ಎಂದು ಪತಂಜಲಿಯು ವಿವರಿಸಿದ್ದಾನೆ. ಅದೇ ಪಾಣಿನಿಯು ಐದನೆಯ ಅಧ್ಯಾಯದ ಮೊದಲನೆಯ ಪಾದದ 47ನೆಯ ಸೂತ್ರದಲ್ಲಿ ವೃದ್ಧಿ, ಆಯ, ಲಾಭ, ಶುಲ್ಕ, ಉಪದಾ ಎಂಬ ಐದು ಶಬ್ದಗಳನ್ನು ಬೇರೆಬೇರೆಯಾಗಿ ಎಣಿಸುತ್ತಾನೆ. ಕಾಶಿಕಾವೃತ್ತಿಯ ಪ್ರಕಾರ ಸಾಲಗಾರನು ಮೂಲಧನದ ಮೇಲೆ ಕೊಡತಕ್ಕುದು ವೃದ್ಧಿ, ಗ್ರಾಮಾದಿಗಳಿಂದ ಒಡೆಯನಿಗೆ ಸಲ್ಲುವ ಭಾಗವು ಆಯ, ಕೊಂಡ ಬೆಲೆಗಿಂತ ಮಿಕ್ಕಿ ಬಂದುದು ಲಾಭ, ರಕ್ಷಣೆಗಾಗಿ ಅರಸನಿಗೆ ಸಲ್ಲುವುದು ಶುಲ್ಕ, ಲಂಚವು ಉಪದಾ. ಮಂಗಳವಾದ ಬೆಳೆಯುವಿಕೆಗೂ ಸಾಲದ ಮೇಲಿನ ಹೆಚ್ಚಳಕ್ಕೂ ಒಂದೇ ಶಬ್ದವಾದುದನ್ನು ಇಲ್ಲಿ ನೆನಪಿನಲ್ಲಿಡಬೇಕು. ಕನ್ನಡದ ‘ಬಡ್ಡಿ’ಯು ಈ ವೃದ್ಧಿಯ ತದ್ಭವವೇ ಆಗಿದೆ.

3. ಇಂಗ್ಲಿಷ್ ಶಬ್ದಗಳ ವ್ಯವಸ್ಥೆ

ಇಂಗ್ಲಿಷಿನಲ್ಲಿಯೂ ಇದೇ ಬಗೆಯ ಹಂಚಿಕೆಯುಂಟು. ‘ರಿಚ್’ ಎಂಬುದರ ಪ್ರಾಚೀನಾರ್ಥವು ಬಲಶಾಲಿ, ಪ್ರಭು ಎಂಬುದು. ಲ್ಯಾಟಿನ್ನಿನ ‘ರೆಕ್ಸ್’, ಸಂಸ್ಕೃತದ ‘ರಾಜನ್’ ಎಂಬವು ಅದಕ್ಕೆ ದಾಯಾದಿಗಳು. ಆದುದರಿಂದ ‘ರಿಚಸ್’ ಎಂಬುದಕ್ಕೆ ಐಶ್ವರ್ಯವೆಂಬ ಪ್ರತಿಶಬ್ದವು ಮೂಲದಿಂದಲೂ ಒಪ್ಪುತ್ತದೆ. ‘ವೆಲ್ತ್’ ಎಂಬುದು ಮೊದಲು ಕ್ಷೇಮವನ್ನು ಹೇಳುತ್ತಿದ್ದು ಆಮೇಲೆ ಆಸ್ತಿಗೆ ಇಳಿಯಿತು. ‘ಪ್ಲೆಂಟಿ’ಯು ತುಂಬಿದುದು ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದುದು, ಸಂಸ್ಕೃತದ ಪೂರ್ಣಶಬ್ದವು ಅದೇ ಕುಲದ್ದು. ‘ಅಬಂಡನ್ಸ್’ ಎಂಬುದರಲ್ಲಿರುವುದು ಅಲೆಯೆಂಬರ್ಥದ ಶಬ್ದ. ತುಂಬಿ ಹೊರಚೆಲ್ಲುವುದೇ ಅದರ ಮೂಲಾರ್ಥ. ‘ಇನ್‌ಕ್ರೀಸ್’ ಎಂಬುದು ಬೆಳೆ ಎಂಬರ್ಥದ ಧಾತುವಿನಿಂದ ಹುಟ್ಟಿದೆ.

ಹೀಗೆ ವಿಂಗಡಿಸಿದಾಗ ಈ ಶಬ್ದಗಳು ಮೂರು ಗುಂಪುಗಳಾಗಿ ನಿಲ್ಲುತ್ತವೆ. ಒಡೆಯನನ್ನು ಹೇಳುವವು ಒಂದು. ಪಾತ್ರೆಯನ್ನು, ಎಂದರೆ ತುಂಬಿದುದನ್ನು, ಹೇಳುವವು ಎರಡು. ಬೆಳೆಯನ್ನು ಹೇಳುವವು ಮೂರು. ಐಶ್ವರ್ಯ, ರಿಚಸ್ ಎಂಬವು ಮೊದಲನೆಯವು. ಪೂರ್ಣತೆ, ಪ್ಲೆಂಟಿ ಎಂಬವು ಎರಡನೆಯವು. ವೃದ್ಧಿ, ಇನ್‌ಕ್ರೀಸ್ ಎಂಬವು ಮೂರನೆಯವು. ಅಬಂಡನ್ಸ್ ಎಂಬುದು ಎರಡನೆಯ ಗುಂಪಿನ ಅಂಚನ್ನು ಮೀರಿ ಹರಿಯುವುದು. ಸಮೃದ್ಧಿಯು ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ನಿಲ್ಲುವುದು.

ಇಲ್ಲೊಂದು ಆಕ್ಷೇಪವು ಹುಟ್ಟಬಹುದು. ಮೂಲಾರ್ಥವೇನೇ ಇರಲಿ, ಇಂದಿನ ಕನ್ನಡದಲ್ಲಿ ಐಶ್ವರ್ಯವೆಂದರೆ ಬರಿಯ ಸಂಪತ್ತೇ ತಾನೆ, ವ್ಯುತ್ಪತ್ತಿಯನ್ನು ಕೆದಕಿ ಭೇದವನ್ನು ಹುಟ್ಟಿಸುವುದೇಕೆ ಎಂದು. ಇದಕ್ಕೆ ಸಮಾಧಾನವು ಬಳಕೆಯಲ್ಲಿಯೇ ಇದೆ. ಐಶ್ವರ್ಯವಂತ, ಸಿರಿವಂತ, ಭಾಗ್ಯವಂತ ಎಂದು ಮನುಷ್ಯನನ್ನು ಕರೆಯುತ್ತಾರೆ. ‘ಹುಲುಸಾದ ಬೆಳೆ’ ಎನ್ನುತ್ತಾರೆಯೇ ಹೊರತು ‘ಹುಲುಸಾದ ಮನುಷ್ಯ’ ಎನ್ನುವುದಿಲ್ಲ. ಅರ್ಥವು ಎಷ್ಟೇ ಸವೆದರೂ ಶಬ್ದವು ತನ್ನ ಹಳೆಯ ಒಡನಾಡಿಗಳನ್ನು ಬಿಟ್ಟಿಲ್ಲ. ವಿಶೇಷ್ಯವನ್ನು ನೋಡಿದರೆ ಶಬ್ದದ ಕುಲವು ತಿಳಿಯುತ್ತದೆ.

4. ಪೊಲಿಶಬ್ದದ ಬಂಧುವರ್ಗ

ಈಗ ಪೊಲಿಯೆಂಬ ಶಬ್ದವನ್ನು ಪರೀಕ್ಷಿಸಬಹುದು. ಇದು ಕೊಡವಭಾಷೆಗೆ ಮಾತ್ರ ಸೇರಿದುದಲ್ಲ. ದಕ್ಷಿಣದ ಭಾಷೆಗಳಲ್ಲಿ ಇದರ ಬಂಧುಗಳು ಹರಡಿಕೊಂಡಿವೆ. ತಮಿಳಿನಲ್ಲಿ ‘ಪೊಲಿ’ ಎಂಬ ಧಾತುವಿಗೆ ಹೆಚ್ಚು, ಏಳಿಗೆ ಹೊಂದು, ಶೋಭಿಸು ಎಂಬರ್ಥಗಳಿವೆ. ಕಣದಲ್ಲಿ ಬಿದ್ದ ಧಾನ್ಯದ ರಾಶಿಗೂ ಅದೇ ಹೆಸರು. ಮಲೆಯಾಳದಲ್ಲಿ ‘ಪೊಲಿಯುಕ’ ಎಂದರೆ ಹೆಚ್ಚುವುದು, ಕೂಡುವುದು; ಉತ್ತರ ಕೇರಳದ ತೆಯ್ಯದ ಹಾಡುಗಳಲ್ಲಿ ‘ಪೊಲಿಕ’ ಎಂಬ ಹರಕೆಯು ಕೇಳಿಬರುತ್ತದೆ. ತುಳುವಿನಲ್ಲಿ ‘ಪೊಲಿ’ಗೆ ಹೆಚ್ಚಳವೆಂದೂ ಬಡ್ಡಿಯೆಂದೂ ಅರ್ಥಗಳುಂಟು.

ಕನ್ನಡದಲ್ಲಿ ಈ ಶಬ್ದವು ಕಾಣೆಯಾದಂತೆ ತೋರುವುದು ತೋರಿಕೆ ಮಾತ್ರ. ‘ಹುಲುಸು’, ‘ಹುಲಿಸು’ ಎಂಬ ರೂಪಗಳೇ ಕನ್ನಡದ ಪೊಲಿ. ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾದುದಕ್ಕೆ ಪಾಲು-ಹಾಲು, ಪುಲಿ-ಹುಲಿ ಎಂಬವು ಸಾಕ್ಷಿ. ಮುಂದಿನ ಅಕ್ಷರದಲ್ಲಿ ಇಕಾರ ಉಕಾರಗಳಿದ್ದಾಗ ಹಿಂದಿನ ಒಕಾರವು ಉಕಾರವಾಗುವುದಕ್ಕೆ ತಮಿಳಿನ ‘ಪೊಡಿ’ಯು ಕನ್ನಡದಲ್ಲಿ ‘ಪುಡಿ’, ‘ಹುಡಿ’ ಎಂದಾದುದು ಸಾಕ್ಷಿ. ಈ ಎರಡು ಮಾರ್ಪಾಡುಗಳೂ ಕೂಡಿದಾಗ ಪೊಲಿಯು ಹುಲಿಸು, ಹುಲುಸು ಎಂದಾಗುವುದು ಕ್ರಮಪ್ರಾಪ್ತ. ಕೊಡವಭಾಷೆಯು ಪಕಾರವನ್ನು ಹಾಗೆಯೇ ಉಳಿಸಿಕೊಂಡಿತು. ಹಬ್ಬದ ಹೆಸರನ್ನೇ ನೋಡಿದರೂ ಇದು ಕಾಣುತ್ತದೆ. ಹೊಸ ಅಕ್ಕಿಯೆಂಬರ್ಥದ ‘ಪುತ್ತರಿ’ಯು ಕನ್ನಡಿಗರ ಬಾಯಲ್ಲಿ ‘ಹುತ್ತರಿ’ಯಾಗಿದೆ. ಹೀಗಾಗಿ ‘ಪೊಲಿ’ಗೆ ಅತ್ಯಂತ ಸಮೀಪದ ಕನ್ನಡ ಶಬ್ದವು ಹುಲುಸೇ ಹೊರತು ಐಶ್ವರ್ಯವಲ್ಲ.

ಈ ಶಬ್ದವು ನಾಣ್ಯದ ಪ್ರಪಂಚಕ್ಕೂ ಬಹು ಹಿಂದೆಯೇ ಪ್ರವೇಶಿಸಿತು. ತಂಜಾವೂರಿನ ರಾಜರಾಜೇಶ್ವರ ದೇವಾಲಯದಲ್ಲಿ 11ನೆಯ ಶತಮಾನದಲ್ಲಿ ಕೊರೆದ ತಮಿಳು ಶಾಸನಗಳಲ್ಲಿ ದೇವರ ಹಣವನ್ನು ಗ್ರಾಮಸಭೆಗಳಿಗೆ ಕೊಟ್ಟು ವರ್ಷವರ್ಷವೂ ಪಡೆಯುವ ಹೆಚ್ಚಳಕ್ಕೆ ‘ಪೊಲಿಶೈ’ ಎಂಬ ಹೆಸರಿದೆ. ಸಂಸ್ಕೃತದ ವೃದ್ಧಿಗೆ ಆದುದೇ ದ್ರಾವಿಡದ ಪೊಲಿಗೂ ಆಯಿತು. ಬಿತ್ತಿದ ಕಾಳು ಹಲವು ಕಾಳಾಗುವುದನ್ನು ಹೇಳಲು ಹುಟ್ಟಿದ ಶಬ್ದವು, ಕೊಟ್ಟ ಕಾಸು ಹಲವು ಕಾಸಾಗುವುದನ್ನೂ ಹೇಳತೊಡಗಿತು. ಕನ್ನಡದಲ್ಲಿ ಮಾತ್ರ ಇವೆರಡೂ ಬೇರೆಯಾದುವು. ಹೊಲದ ವೃದ್ಧಿಗೆ ದೇಶ್ಯವಾದ ಹುಲುಸು, ಹಣದ ವೃದ್ಧಿಗೆ ತದ್ಭವವಾದ ಬಡ್ಡಿ. ಕನ್ನಡಿಗರು ಈ ಭೇದವನ್ನು ಸಾಧಿಸಿಕೊಂಡುದು ಸಣ್ಣ ಸಂಗತಿಯಲ್ಲ.

5. ಹುತ್ತರಿಯ ವಿಧಿಯಲ್ಲಿ ನೆರೆ ಮತ್ತು ಪೊಲಿ

ಶಬ್ದಗಳ ಭೇದವನ್ನು ಕೋಶಕ್ಕಿಂತ ಚೆನ್ನಾಗಿ ತಿಳಿಸುವುದು ಆಚರಣೆ. ಹುತ್ತರಿಯ ಮುಹೂರ್ತವನ್ನು ಕಕ್ಕಬ್ಬೆಯ ಸಮೀಪದ ಪಾಡಿ ಇಗ್ಗುತ್ತಪ್ಪನ ದೇವಾಲಯದಲ್ಲಿ ನಿಶ್ಚಯಿಸುತ್ತಾರೆ. ಅಲ್ಲಿ ಒಂದಲ್ಲ, ಮೂರು ಹೊತ್ತುಗಳನ್ನು ಗೊತ್ತುಮಾಡುವುದು ರೂಢಿ. ನೆರೆ ಕಟ್ಟುವ ಹೊತ್ತು ಮೊದಲನೆಯದು. ಕದಿರು ತೆಗೆಯುವ ಹೊತ್ತು ಎರಡನೆಯದು. ಹೊಸದನ್ನು ಉಣ್ಣುವ ಹೊತ್ತು ಮೂರನೆಯದು. ದೇವಾಲಯದಲ್ಲಿ ಮೊದಲು ನಡೆದು ಅನಂತರ ನಾಡಿನ ಮನೆಗಳಲ್ಲಿ ಇವು ನಡೆಯುತ್ತವೆ.

ನೆರೆಯೆಂದರೆ ಅರಳಿ, ಮಾವು ಮೊದಲಾದ ಐದು ಬಗೆಯ ಎಲೆಗಳನ್ನು ಕೂಡಿಸಿ ಕಟ್ಟಿದ ಕಟ್ಟು. ಒಕ್ಕದವರು ಐನ್‌ಮನೆಯಲ್ಲಿ ನೆರೆದು, ದೀಪದ ಮುಂದೆ ಇದನ್ನು ಸಿದ್ಧಪಡಿಸಿಕೊಂಡು, ಗದ್ದೆಗೆ ಹೊರಡುತ್ತಾರೆ. ಕದಿರನ್ನು ಕೊಯ್ದು ತಂದಮೇಲೆ ಆ ಎಲೆಗಳೊಡನೆ ಕದಿರನ್ನು ಸೇರಿಸಿ ಮನೆಯ ಮುಖ್ಯ ಸ್ಥಾನಗಳಲ್ಲಿಯೂ ಭತ್ತದ ಪತ್ತಾಯಕ್ಕೂ ಕಟ್ಟುತ್ತಾರೆ. ಕೇರಳದಲ್ಲಿ ಇದೇ ಬಗೆಯ ಎಲೆಗಳ ಕಟ್ಟನ್ನು ಕದಿರಿನೊಡನೆ ಬಾಗಿಲಿಗೆ ಕಟ್ಟುವ ‘ಇಲ್ಲಂನಿರ’, ‘ನಿರಪುತ್ತರಿ’ ಎಂಬ ವಿಧಿಗಳಿವೆ. ಕರಾವಳಿಯ ಕನ್ನಡದಲ್ಲಿ ಇಂತಹ ವಿಧಿಗೆ ‘ಮನೆ ತುಂಬಿಸುವುದು’ ಎಂದು ಹೆಸರು. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಕೊಡವರ ನೆರೆಯೆಂಬುದು ಹಳಗನ್ನಡದ ಶಕಟರೇಫವುಳ್ಳ ‘ನೆಱೆ’ ಎಂಬುದಕ್ಕೆ ಸಮಾನವಾದ ಶಬ್ದವೆಂದು ತಿಳಿಯುವುದು ಯುಕ್ತ. ತುಂಬು, ಪೂರ್ಣವಾಗು ಎಂಬುದು ಅದರರ್ಥ. ಹೆಣ್ಣುಮಗು ಪ್ರಾಯಕ್ಕೆ ಬಂದುದನ್ನು ‘ಮೈನೆರೆದಳು’ ಎನ್ನುವಲ್ಲಿಯೂ ಇದೇ ಶಬ್ದವಿದೆ.

ಹೊಳೆಯ ತುಂಬುನೀರಿಗೂ ಕನ್ನಡದಲ್ಲಿ ನೆರೆಯೆಂದೇ ಹೆಸರು. ತುಂಬುವುದು ಬೇರೆ, ತುಂಬಿ ಚೆಲ್ಲುವುದು ಬೇರೆ ಎಂಬುದನ್ನು ಬೆಟ್ಟದ ನಾಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ. 2018ನೆಯ ಆಗಸ್ಟಿನಲ್ಲಿ ಅತಿವೃಷ್ಟಿಯಿಂದ ಕೊಡಗಿನ ಬೆಟ್ಟಗಳು ಕುಸಿದು ಮನೆಗದ್ದೆಗಳು ನಷ್ಟವಾದುದು ಎಲ್ಲರಿಗೂ ತಿಳಿದ ವಿಷಯ. ಆದುದರಿಂದ ಹುತ್ತರಿಯ ನೆರೆಗೆ ಅಂಚು ಮೀರಿ ಹರಿಯುವ ‘ಅಬಂಡನ್ಸ್’ ಎಂಬುದಕ್ಕಿಂತ, ಅಂಚಿನವರೆಗೆ ತುಂಬಿ ನಿಲ್ಲುವ ‘ಪ್ಲೆಂಟಿ’ ಎಂಬುದೇ ಹೆಚ್ಚು ಒಪ್ಪುವ ಶಬ್ದ.

ಮುಖ್ಯವಾದ ಸಂಗತಿಯು ಅನುಕ್ರಮದಲ್ಲಿದೆ. ಮೊದಲು ನೆರೆ, ಅನಂತರ ಪೊಲಿ. ಮನೆಯಲ್ಲಿ ನೆರೆಯನ್ನು ಕಟ್ಟಿಕೊಂಡು ಹೊರಟವರು ಗದ್ದೆಯಲ್ಲಿ ಪೊಲಿಯನ್ನು ಕೂಗುತ್ತಾರೆ. ನೆರೆಯು ಮನೆಗೂ ಪತ್ತಾಯಕ್ಕೂ ಸಂಬಂಧಿಸಿದುದು, ಎಂದರೆ ಪಾತ್ರೆಯನ್ನು ಹೇಳುವುದು. ಪೊಲಿಯು ಕದಿರಿಗೆ ಸಂಬಂಧಿಸಿದುದು, ಎಂದರೆ ಬೆಳೆಯನ್ನು ಹೇಳುವುದು. ಇವೆರಡೂ ಒಂದೇ ಆಗಿದ್ದರೆ ಎರಡು ಮುಹೂರ್ತಗಳು ಬೇಕಾಗಿರಲಿಲ್ಲ.

ಕೂಗಿನ ರಚನೆಯೂ ವಿಚಾರಣೀಯ. ‘ಪೊಲಿ’ಯು ಅಕರ್ಮಕಧಾತು. ಧಾತುವಿನ ಮೂಲರೂಪವೇ ದ್ರಾವಿಡಭಾಷೆಗಳಲ್ಲಿ ವಿಧ್ಯರ್ಥದ ಏಕವಚನವಾಗುತ್ತದೆ. ಇದರಂತೆ ‘ಪೊಲಿ’ ಎಂದರೆ ‘ಹೆಚ್ಚು’, ‘ಬೆಳೆ’ ಎಂದಾಗುವುದೇ ಹೊರತು ‘ಹೆಚ್ಚಿಸು’, ‘ಕೊಡು’ ಎಂದಾಗುವುದಿಲ್ಲ. ಬೆಳೆಯೆಂದು ಹೇಳುತ್ತಿರುವುದು ಕದಿರಿಗೆ, ದೇವರನ್ನು ಕರೆದಿರುವುದು ಸಾಕ್ಷಿಯಾಗಿ ಎಂದು ತಿಳಿಯಲು ಇಲ್ಲಿ ಅವಕಾಶವಿದೆ. ಇದನ್ನು ನಾಮಪದವೆಂದು ತೆಗೆದುಕೊಂಡರೂ ‘ಕೊಡು’ ಎಂಬ ಕ್ರಿಯೆಯಾಗಲಿ, ‘ನಮಗೆ’ ಎಂಬ ಸಂಪ್ರದಾನವಾಗಲಿ ಕೂಗಿನಲ್ಲಿಲ್ಲ. ‘ನಮಗೆ ಐಶ್ವರ್ಯವನ್ನು ಕೊಡು ದೇವರೇ’ ಎಂದು ಅನುವಾದಿಸುವವರು ಮೂಲದಲ್ಲಿಲ್ಲದ ಒಬ್ಬ ಒಡೆಯನನ್ನೂ ಒಬ್ಬ ಯಾಚಕನನ್ನೂ ತಂದು ಗದ್ದೆಯಲ್ಲಿ ನಿಲ್ಲಿಸುತ್ತಾರೆ.

6. ಕಣದ ಮಾತು

ಹೆಚ್ಚುವುದರ ಮಾತು ಎಲ್ಲೆಡೆಯಲ್ಲಿಯೂ ಎಚ್ಚರಿಕೆಯ ಮಾತು. ಕನ್ನಡನಾಡಿನ ಕಣಗಳಲ್ಲಿ ರಾಶಿಯನ್ನು ಅಳೆಯುವಾಗ ಮೊದಲನೆಯ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವುದು ಸಂಪ್ರದಾಯ. ಪಾಣಿನಿಯು ವೃದ್ಧಿಯನ್ನು ಶಾಸ್ತ್ರದ ಮೊದಲಲ್ಲಿಟ್ಟುದೂ ರೈತನು ಲಾಭವನ್ನು ಎಣಿಕೆಯ ಮೊದಲಲ್ಲಿಟ್ಟುದೂ ಒಂದೇ ಮನೋಧರ್ಮದ ಕೆಲಸ. ಒಡೆದ ಬಳೆಯನ್ನು ‘ಹೆಚ್ಚಿತು’ ಎನ್ನುವುದು, ದೀಪವನ್ನು ಆರಿಸುವುದಕ್ಕೆ ‘ದೊಡ್ಡದು ಮಾಡು’ ಎನ್ನುವುದು ಇದೇ ಜಾತಿಯ ಮಾತುಗಳು. ಮಲೆಯಾಳದಲ್ಲಿ ದೀಪವು ಆರುವುದಕ್ಕೂ ‘ಪೊಲಿಯುಕ’ ಎಂಬ ಶಬ್ದವು ಬಳಕೆಯಲ್ಲಿರುವುದು ಇದೇ ಕಾರಣದಿಂದಿರಬಹುದೆಂದು ಊಹಿಸಬಹುದು. ಕ್ಷಯವನ್ನು ಹೇಳಬೇಕಾದಾಗಲೂ ವೃದ್ಧಿಯ ಶಬ್ದವನ್ನೇ ಆಡುವ ಜನರು, ವೃದ್ಧಿಗೆ ಯಾವ ಶಬ್ದವನ್ನು ಆರಿಸಬೇಕೆಂಬುದರಲ್ಲಿ ಅಜಾಗರೂಕರಾಗಿದ್ದರೆಂದು ಎಣಿಸುವುದು ಸರಿಯಲ್ಲ.

7. ಧಾನ್ಯದಿಂದ ನಾಣ್ಯಕ್ಕೆ

ಶಬ್ದವಿಚಾರವು ಇಲ್ಲಿಂದ ರಾಜ್ಯವಿಚಾರಕ್ಕೆ ಬರುತ್ತದೆ. ಕೊಡಗಿನಲ್ಲಿ ಬರಹದ ಭಾಷೆಯು ಬಹುಕಾಲದಿಂದ ಕನ್ನಡ. ಕ್ರಿ. ಶ. 888ರ ಬಿಳಿಯೂರು ಶಾಸನ, 978ರ ಪೆಗ್ಗೂರು ಶಾಸನ ಎಂಬ ಗಂಗರ ಕಾಲದ ದಾನಶಾಸನಗಳು ಕನ್ನಡದವು. 17ನೆಯ ಶತಮಾನದಿಂದ 1834ರ ವರೆಗೆ ಆಳಿದ ಹಾಲೇರಿ ಅರಸರ ಆಸ್ಥಾನದ ವ್ಯವಹಾರವೂ ಕನ್ನಡದಲ್ಲಿಯೇ ನಡೆಯಿತು. ದೊಡ್ಡವೀರರಾಜೇಂದ್ರನು ಬರೆಯಿಸಿದ ‘ರಾಜೇಂದ್ರನಾಮೆ’ಯು ಕನ್ನಡದ ಗ್ರಂಥ, 1808ರಲ್ಲಿ ಅದು ಇಂಗ್ಲಿಷಿಗೆ ಅನುವಾದವಾಯಿತು. ಆದುದರಿಂದ ನಾಡಿನ ಸಂಪತ್ತು ಎರಡು ಭಾಷೆಗಳಲ್ಲಿ ಬದುಕಬೇಕಾಯಿತು. ಗದ್ದೆಯಲ್ಲಿ ಅದು ಕೊಡವಭಾಷೆಯ ಪೊಲಿ. ಕಡತದಲ್ಲಿ ಅದು ಕನ್ನಡದ ಹುಟ್ಟುವಳಿ, ಕಂದಾಯ, ಬೊಕ್ಕಸ. ಅರಮನೆಯು ಪೊಲಿಯನ್ನು ಬರೆದುಕೊಳ್ಳಲಿಲ್ಲ. ಅದರಲ್ಲಿ ತನಗೆ ಬರತಕ್ಕ ಭಾಗವನ್ನು, ಪಾಣಿನಿಯ ಮಾತಿನಲ್ಲಿ ಹೇಳುವುದಾದರೆ ಆಯವನ್ನು, ಬರೆದುಕೊಂಡಿತು.

ಭೂಮಿಯ ಕ್ರಮವೂ ಈ ಭೇದಕ್ಕೆ ಒತ್ತಾಸೆಯಾಗಿತ್ತು. ಜಮ್ಮ ಭೂಮಿಯು ಒಕ್ಕಕ್ಕೆ ವಂಶಪರಂಪರೆಯಾಗಿ ಸೇರಿದುದು. ಸೈನ್ಯದ ಸೇವೆಗೆ ಪ್ರತಿಯಾಗಿ ಅದಕ್ಕೆ ಕಡಮೆಯ ಕಂದಾಯವಿತ್ತು. ಅದನ್ನು ಮನಬಂದಂತೆ ಮಾರುವ ಅಧಿಕಾರವು ಯಾರಿಗೂ ಇರಲಿಲ್ಲ. ಮಾರಲಾಗದ ಭೂಮಿಗೆ ಬೆಲೆಯಿಲ್ಲ, ಬೆಳೆಯುಂಟು. ಹೀಗಿರುವಲ್ಲಿ ಒಂದು ಮನೆಯ ಏಳಿಗೆಯನ್ನು ಅಳೆಯಲು ಪತ್ತಾಯವು ತುಂಬಿತೇ, ಕದಿರು ಹುಲುಸಾಯಿತೇ ಎಂಬ ಪ್ರಶ್ನೆಗಳೇ ಮುಖ್ಯವಾದುದು ಸಹಜ. ಒಬ್ಬನ ಐಶ್ವರ್ಯವೆಂಬುದಕ್ಕೆ ಅಲ್ಲಿ ಎಡೆ ಅಲ್ಪ.

ಅರಮನೆಯಲ್ಲಿ ಮಾತ್ರ ಬೇರೆ ಬಗೆಯ ಪೊಲಿಯೊಂದು ಹುಟ್ಟಿತ್ತು. ದೊಡ್ಡವೀರರಾಜೇಂದ್ರನು ದೊಡ್ಡ ಮೊತ್ತದ ಹಣವನ್ನು ಈಸ್ಟ್ ಇಂಡಿಯಾ ಕಂಪೆನಿಯ ಸಾಲಪತ್ರಗಳಲ್ಲಿ ಬಡ್ಡಿಗೆ ತೊಡಗಿಸಿದ್ದನು. 1834ರಲ್ಲಿ ಕಂಪೆನಿಯು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ಸೇರಿಸಿಕೊಂಡಿತು. ರಾಜ್ಯವನ್ನು ಕಳೆದುಕೊಂಡ ಆ ಅರಸನು 1852ರಲ್ಲಿ ಇಂಗ್ಲೆಂಡಿಗೆ ಹೋಗಿ, ಆ ಹಣವು ತನಗೆ ಸಲ್ಲಬೇಕೆಂದು ಅಲ್ಲಿಯ ನ್ಯಾಯಾಲಯದಲ್ಲಿ ವ್ಯಾಜ್ಯ ಹೂಡಿದನು. 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡನು. ಗದ್ದೆಯ ಪೊಲಿಯು ಮರುವರ್ಷವೂ ಹುಟ್ಟಿತು. ಕಾಗದದ ಪೊಲಿಯು ಒಡೆಯನನ್ನು ಹುಡುಕುತ್ತ ಸಮುದ್ರದಾಚೆಯ ಕಡತದಲ್ಲಿ ಉಳಿಯಿತು.

ಇವೆರಡು ಪೊಲಿಗಳು ಎದುರುಬದುರಾಗಿ ನಿಂತುದು 1837ರಲ್ಲಿ. ಹಾಲೇರಿ ಅರಸರಿಗೆ ಸೇರಿದ್ದ ಅಮರಸುಳ್ಯ, ಪುತ್ತೂರು ಪ್ರದೇಶಗಳನ್ನು ಕಂಪೆನಿಯು 1834ರ ಅನಂತರ ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ಅಲ್ಲಿಯ ರೈತರು ಕಂದಾಯವನ್ನು ಧಾನ್ಯರೂಪವಾಗಿ ಸಲ್ಲಿಸುತ್ತಿದ್ದರು. ಹೊಸ ಆಡಳಿತವು ಅದನ್ನು ನಗದಾಗಿ ಕೇಳಿತು. ಬೆಳೆದವನಲ್ಲಿ ಭತ್ತವಿತ್ತು, ನಾಣ್ಯವಿರಲಿಲ್ಲ. ನಾಣ್ಯಕ್ಕಾಗಿ ಅವನು ವ್ಯಾಪಾರಿಯ, ಸಾಹುಕಾರನ ಬಾಗಿಲಿಗೆ ಹೋಗಬೇಕಾಯಿತು. ಹೊಲದ ಪೊಲಿಯನ್ನು ಸಾಲದ ಪೊಲಿಯು ನುಂಗತೊಡಗಿತು. ತುಳು ಬಲ್ಲವನಿಗೆ ಇದು ಅಲಂಕಾರದ ಮಾತಲ್ಲ. ಅವನ ಭಾಷೆಯಲ್ಲಿ ಎರಡಕ್ಕೂ ಹೆಸರು ಒಂದೇ. 1837ರ ಏಪ್ರಿಲಿನಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ, ಕೆದಂಬಾಡಿ ರಾಮಗೌಡ ಮೊದಲಾದವರ ಮುಂದಾಳುತನದಲ್ಲಿ ರೈತರು ಸುಳ್ಯದಿಂದ ಹೊರಟು ಮಂಗಳೂರನ್ನು ಕೆಲವು ದಿನಗಳವರೆಗೆ ಹಿಡಿದಿಟ್ಟುಕೊಂಡರು. ದಂಗೆಯನ್ನು ಅಡಗಿಸಿದ ಕಂಪೆನಿಯು ಗುಡ್ಡೆಮನೆ ಅಪ್ಪಯ್ಯಗೌಡನನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿತು. ಆ ದಂಗೆಗೆ ಕಾರಣಗಳು ಹಲವು. ಆದರೆ ಧಾನ್ಯದ ಲೆಕ್ಕವು ನಾಣ್ಯದ ಲೆಕ್ಕವಾದುದು ಅವುಗಳಲ್ಲಿ ಪ್ರಧಾನವಾದುದೆಂಬುದನ್ನು ಚರಿತ್ರಕಾರರು ಗುರುತಿಸಿದ್ದಾರೆ.

ಮುಂದಿನ ಮಾರ್ಪಾಡು ಕಾಫಿಯದು. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ನನು ಮಡಿಕೇರಿಯ ಬಳಿ ತೋಟವನ್ನು ತೆರೆದಮೇಲೆ ಕಾಡಿಳಿಜಾರುಗಳು ವೇಗವಾಗಿ ಕಾಫಿಯ ತೋಟಗಳಾದುವು. ಕಾಫಿಯನ್ನು ಪತ್ತಾಯದಲ್ಲಿ ತುಂಬಿ ಉಣ್ಣುವಂತಿಲ್ಲ. ಅದನ್ನು ಮಾರಿದ ಮೇಲೆಯೇ ಅದು ಸಂಪತ್ತಾಗುವುದು. 1860ರ ದಶಕದಲ್ಲಿ ಕಾಂಡಕೊರಕ ಹುಳವು ತಗಲಿ ಅನೇಕ ತೋಟಗಳು ಹಾಳಾದಾಗ, ನಾಣ್ಯದ ಏಳಿಗೆಯು ಎಷ್ಟು ಬೇಗ ಬರುವುದೋ ಅಷ್ಟೇ ಬೇಗ ಹೋಗಬಹುದೆಂಬುದು ತಿಳಿಯಿತು. ಆದರೂ ಕಾಫಿಯೇ ಕೊಡಗಿನ ಮುಖ್ಯ ಬೆಳೆಯಾಗಿ ನಿಂತಿತು. ಭತ್ತದ ಗದ್ದೆಗಳ ವಿಸ್ತಾರವು ಬರಬರುತ್ತ ಕುಗ್ಗಿತು. ಹೀಗೆ ಬೆಳೆಯು ಬದಲಾದರೂ ಕೂಗು ಕಾಫಿಯ ಕಡೆಗೆ ಹೋಗಲಿಲ್ಲ. ಗದ್ದೆಯಿಲ್ಲದವರೂ ಹುತ್ತರಿಯಂದು ಇನ್ನೊಬ್ಬರ ಗದ್ದೆಗೆ ಹೋಗಿ ಕದಿರನ್ನು ತರುವುದುಂಟು. ಪೊಲಿಯು ಭತ್ತದ ಕದಿರನ್ನು ಬಿಡಲಿಲ್ಲ.

8. ಕೋಶಕಾರರೂ ಅನುವಾದಕರೂ

ಈ ಶಬ್ದಗಳನ್ನು ಇಂಗ್ಲಿಷಿಗೆ ಹೊಂದಿಸುವ ಕೆಲಸವು ಇಂದಿನದಲ್ಲ. ರೀವ್ ಎಂಬ ಪಾದ್ರಿಯ ಇಂಗ್ಲಿಷ್-ಕನ್ನಡ ಕೋಶವು 1824ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು. ಮೇಜರ್ ಕೋಲ್ ಎಂಬವರು 1867ರಲ್ಲಿ ಕೊಡವಭಾಷೆಯ ವ್ಯಾಕರಣವನ್ನು ಬರೆದರು. ರಿಕ್ಟರ್ ಎಂಬವರ ಕೊಡಗಿನ ಕೈಪಿಡಿಯು 1870ರಲ್ಲಿಯೂ, ಕಿಟ್ಟೆಲರ ಮಹಾಕೋಶವು 1894ರಲ್ಲಿಯೂ ಹೊರಬಂದುವು. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ‘ಪಟ್ಟೋಲೆ ಪಳಮೆ’ಯಲ್ಲಿ ಕೊಡವರ ಹಾಡುಗಳನ್ನೂ ಆಚಾರಗಳನ್ನೂ ಕನ್ನಡಲಿಪಿಯಲ್ಲಿ ಸಂಗ್ರಹಿಸಿ ಬಹುದೊಡ್ಡ ಉಪಕಾರವನ್ನು ಮಾಡಿದರು. 2003ರಲ್ಲಿ ಅದರ ಇಂಗ್ಲಿಷ್ ಅನುವಾದವೂ ಪ್ರಕಟವಾಯಿತು. ಸಾಮಗ್ರಿಗೆ ಈಗ ಕೊರತೆಯಿಲ್ಲ, ಬೇಕಾಗಿರುವುದು ವಿವೇಚನೆ.

ಮೇಲಿನ ವಿಚಾರದಿಂದ ಏರ್ಪಡುವ ಕ್ರಮವು ಇಷ್ಟು. ಪೊಲಿಗೆ ಕನ್ನಡದಲ್ಲಿ ಹುಲುಸು ಅಥವಾ ವೃದ್ಧಿ, ಇಂಗ್ಲಿಷಿನಲ್ಲಿ ‘ಇನ್‌ಕ್ರೀಸ್’ ಎಂಬವು ಸಲ್ಲುತ್ತವೆ. ನೆರೆಗೆ ಕನ್ನಡದಲ್ಲಿ ತುಂಬು ಅಥವಾ ಪೂರ್ಣತೆ, ಇಂಗ್ಲಿಷಿನಲ್ಲಿ ‘ಪ್ಲೆಂಟಿ’ ಎಂಬವು ಸಲ್ಲುತ್ತವೆ. ಇಡಿಯ ಹಬ್ಬದ ಭಾವವನ್ನು ಒಂದೇ ಮಾತಿನಲ್ಲಿ ಹೇಳಬೇಕಾದರೆ ಇವೆರಡನ್ನೂ ಒಳಗೊಳ್ಳುವ ಸಮೃದ್ಧಿಯು ಸಲ್ಲಬಹುದು. ಸಂಪತ್ತು, ‘ವೆಲ್ತ್’ ಎಂಬವು ಒಕ್ಕದ ಒಟ್ಟು ಸ್ಥಿತಿಯನ್ನು ಹೇಳುವಲ್ಲಿ ಉಚಿತವಾದುವು. ಐಶ್ವರ್ಯ, ‘ರಿಚಸ್’ ಎಂಬವನ್ನು ಅರಮನೆಯ ಬೊಕ್ಕಸಕ್ಕೂ ಕಂಪೆನಿಯ ಕಾಗದಕ್ಕೂ ಮೀಸಲಿಡುವುದು ಒಳಿತು. ಅವು ಗದ್ದೆಯ ಬದುವನ್ನು ದಾಟಿ ಬರಬೇಕಾಗಿಲ್ಲ.

ಇದು ಶಬ್ದಗಳ ಮೇಲಣ ಹಟವಲ್ಲ. ಪೊಲಿಯನ್ನು ಐಶ್ವರ್ಯವೆಂದು ಬರೆದರೆ, ಓದುವವರು ಕೊಡಗಿನ ಪೂರ್ವಿಕರನ್ನು ಧನಾರ್ಥಿಗಳೆಂದು ತಿಳಿಯುವರು. ಕದಿರಿಗೆ ಹೇಳಿದ ಮಾತನ್ನು ಬೊಕ್ಕಸಕ್ಕೆ ಹೇಳಿದುದೆಂದು ಎಣಿಸುವರು. 1837ರಲ್ಲಿ ಸುಳ್ಯದ ರೈತರು ಏನನ್ನು ಕಳೆದುಕೊಂಡೆವೆಂದು ಎದ್ದರೆಂಬುದು ಅರ್ಥವಾಗದೆ ಹೋಗುವುದು. ಗದ್ದೆಗಳು ಕಡಮೆಯಾಗುತ್ತಿರುವ ಕಾಲದಲ್ಲಿ ಆ ಗದ್ದೆಗಳ ಅರ್ಥವನ್ನು ಇಟ್ಟುಕೊಂಡಿರುವುದು ಇಂತಹ ನಾಲ್ಕಾರು ಶಬ್ದಗಳು ಮಾತ್ರ. ಕದಿರನ್ನು ಕೊಯ್ಯುವವನು ಮೂರು ಹೊತ್ತುಗಳನ್ನು ಒಂದರೊಡನೊಂದು ಬೆರೆಸದೆ ಕಾಯುತ್ತಾನೆ. ಅದನ್ನು ಬರೆಯುವವನು ಎರಡು ಶಬ್ದಗಳನ್ನು ಬೆರೆಸದೆ ಕಾಯುವುದು ಕಷ್ಟವಾಗಬಾರದು.